ಹಳೇ ದೋಣಿಗೂ ಒಂದು ಸರ್ವೇ: ಹೇಮಾವತಿ ಹಿನ್ನೀರಿನಿಂದ ಕಲಿಯೋಣ

ಸರ್ವೇ ಅಂದ ತಕ್ಷಣ ನಮ್ಮ ಸಿವಿಲ್ ಗೆಳೆಯರಿಗೆ ನೆನಪಾಗೋದು ಟೋಟಲ್ ಸ್ಟೇಷನ್, ಟ್ರೈಪಾಡ್, ಸುಡೋ ಬಿಸಿಲು. ಊರಿನಲ್ಲಿರೋ ನಮ್ಮ ಅಪ್ಪಂದಿರಿಗೆ ಸರ್ವೇ ನಂಬರ್, ಪಹಣಿ, ಬದುವಿನ ಜಗಳ. ಇದೇ ಪದಕ್ಕೆ ನೀರಿನ ಮೇಲೆ ಇನ್ನೊಂದು ಅರ್ಥ ಇದೆ. ಒಂದು ದೋಣಿ ಜನರನ್ನು ಹೊರೋಕೆ ಯೋಗ್ಯವೋ ಅಲ್ಲವೋ, ಎಷ್ಟು ಜನರನ್ನು ಹೊರಬಹುದು, ಎಂಥ ನೀರಿನಲ್ಲಿ ಹೋಗಬಹುದು ಅಂತ ತಪಾಸಣೆ ಮಾಡಿ ಬರೆದುಕೊಡೋದೂ ಸರ್ವೇನೇ. ಆ ಸರ್ವೇ ಇಲ್ಲದೆ ಇನ್ಶೂರೆನ್ಸ್‌ಗೆ ಅರ್ಥವಿಲ್ಲ. ಇನ್ಶೂರೆನ್ಸ್ ಇಲ್ಲದೆ ಅಪಘಾತವಾದರೆ ಸತ್ತವರ ಮನೆಯವರಿಗೆ ದಿಕ್ಕಿಲ್ಲ.

ಇದು ನಮಗ್ಯಾಕೆ ಅಂತ ಕೇಳಬಹುದು. ಮಳೆಗಾಲ ಬಂತು ಅಂದರೆ ಹಾಸನದ ಅರ್ಧ ಕಾಲೇಜು ಶೆಟ್ಟಿಹಳ್ಳಿಯಲ್ಲಿರುತ್ತೆ. ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಏಳುವ ಆ ಹಳೇ ಚರ್ಚ್ ನೋಡೋಕೆ, ಫೋಟೋ ತೆಗೆಯೋಕೆ. ಎಲ್ಲಿ ನೀರು ನೋಡೋಕೆ ಜನ ಬರ್ತಾರೋ ಅಲ್ಲಿ ಇವತ್ತಲ್ಲ ನಾಳೆ ಹರಿಗೋಲೋ ದೋಣಿಯೋ ಬಂದು ನಿಲ್ಲುತ್ತೆ. "ತಲೆಗಿಷ್ಟು, ಬನ್ನಿ ಹತ್ತಿ" ಅಂತಾರೆ. ಹತ್ತೋ ಮೊದಲು ಏನು ನೋಡಬೇಕು ಅನ್ನೋದು ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕದಲ್ಲೇ ಇದೆ. ಪರೀಕ್ಷೆಗೆ ಓದಿ ಮರೆತಿರ್ತೀವಿ ಅಷ್ಟೆ.

ನಮ್ಮ ನಾಲ್ಕು ತಾಲ್ಲೂಕಿನ ನೀರು

ಮೊದಲೇ ಒಂದು ಮಾತು. ಇಂಗ್ಲೆಂಡಿನಲ್ಲಿರುವ ಹಾಗೆ ನಾಲೆಯಲ್ಲಿ ದೋಣಿ ಓಡಿಸೋ ಪದ್ಧತಿ ನಮ್ಮಲ್ಲಿಲ್ಲ. ನಮ್ಮ ಚಾನಲ್‌ಗಳು ಗದ್ದೆಗೆ ನೀರು ಹರಿಸೋಕೆ ಕಟ್ಟಿದವು. ನೀರಿನ ವೇಗ ಜಾಸ್ತಿ, ಅಡ್ಡಕ್ಕೆ ತೂಬುಗಳು, ಇಳಿಜಾರಿನ ಲೈನಿಂಗ್. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆ ಹತ್ತಿರವಂತೂ ಹೇಮಾವತಿ ನಾಲೆ ಸುರಂಗದೊಳಗೇ ಹರಿದು ತುಮಕೂರಿನ ಕಡೆ ಹೋಗುತ್ತೆ. ಅಲ್ಲಿ ದೋಣಿಯ ಮಾತೇ ಇಲ್ಲ.

ದೋಣಿಗೆ ಜಾಗ ಇರೋದು ಹೊಳೆ ಮತ್ತು ಹಿನ್ನೀರಿನಲ್ಲಿ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು. ತುಂಬಿದಾಗ ನೀರಿನ ಮಟ್ಟ 2922 ಅಡಿ, ಸಂಗ್ರಹ ಸುಮಾರು 37 ಟಿಎಂಸಿ. ಅಷ್ಟು ನೀರು ನಿಂತ ಮೇಲೆ ಎಷ್ಟೋ ಊರಿನ ಹಳೇ ದಾರಿಗಳು ನೀರಿನಡಿ ಹೋದವು. ಅಣೆಕಟ್ಟಿನ ಕೆಳಗೆ ಹೊಳೆ ಹೊಳೆನರಸೀಪುರದ ಮಗ್ಗುಲಲ್ಲೇ ಹಾದು ಹೋಗುತ್ತೆ. ಅರಕಲಗೂಡು ತಾಲ್ಲೂಕಿನಲ್ಲಿ ಕೊಣನೂರು, ರಾಮನಾಥಪುರದ ಬಳಿ ಕಾವೇರಿ. ಸೇತುವೆಗಳು ಬರೋ ಮೊದಲು ಈ ಹೊಳೆಗಳನ್ನು ದಾಟಿಸ್ತಾ ಇದ್ದದ್ದು ಹರಿಗೋಲು, ತೆಪ್ಪ, ದೋಣಿ. ಈಗ ದಾಟೋರು ಕಡಿಮೆ. ಮೀನು ಹಿಡಿಯೋರು ಇದ್ದಾರೆ, ನೋಡೋಕೆ ಬರೋರು ಇದ್ದಾರೆ. ಬೇರೆ ಕಡೆ ಓಡಿ ಹಳತಾದ ದೋಣಿಗಳು ಬಂದು ಸೇರೋದು ಇಂಥ ಜಾಗಕ್ಕೇ. ಹೊಸ ದೋಣಿಗೆ ದುಡ್ಡು ಹಾಕೋ ಶಕ್ತಿ ಸಣ್ಣ ಮಾಲೀಕನಿಗೆ ಇರಲ್ಲ.

ಕಾನೂನು ಏನು ಹೇಳುತ್ತೆ

ಒಳನಾಡಿನ ನೀರಿನಲ್ಲಿ ಎಂಜಿನ್ ಹಾಕಿಕೊಂಡು ಓಡುವ ದೋಣಿಗಳಿಗೆ ನಮ್ಮ ದೇಶದಲ್ಲಿ 1917ರಿಂದಲೇ ಒಂದು ಕಾಯ್ದೆ ಇತ್ತು. ಉಗಿ ಹಡಗಿನ ಕಾಲದ್ದು. ಅದರ ಪ್ರಕಾರ ಸರ್ವೇ ಸರ್ಟಿಫಿಕೇಟ್ ಇಲ್ಲದೆ ದೋಣಿ ಓಡಿಸುವಂತಿರಲಿಲ್ಲ, ಸರ್ಟಿಫಿಕೇಟಿನ ಆಯಸ್ಸು ಒಂದು ವರ್ಷ, ಅದನ್ನು ದೋಣಿಯಲ್ಲಿ ಎಲ್ಲರಿಗೂ ಕಾಣೋ ಜಾಗದಲ್ಲಿ ಹಾಕಬೇಕಿತ್ತು. 1977ರ ತಿದ್ದುಪಡಿಯಲ್ಲಿ ಮೂರನೇ ವ್ಯಕ್ತಿ ವಿಮೆಯೂ ಸೇರಿತು. ನಮ್ಮ ಬೈಕಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದೆಯಲ್ಲ, ಅದೇ ತತ್ವ.

ಈಗ ಅದರ ಜಾಗದಲ್ಲಿ ಇರೋದು 2021ರ ಒಳನಾಡು ಹಡಗುಗಳ ಕಾಯ್ದೆ. 2022ರಿಂದ ಜಾರಿಗೆ ಬಂದಿದೆ. ನಾವು ನೆನಪಿಟ್ಟುಕೊಳ್ಳಬೇಕಾದ್ದು ನಾಲ್ಕು ವಿಷಯ.

ಒಂದು, ಎಂಜಿನ್ ಇರೋ ದೋಣಿಗೆ ಸರ್ವೇ ಮತ್ತು ನೋಂದಣಿ ಎರಡೂ ಬೇಕು. ಎರಡು, ನೀರನ್ನು ಅಲೆಯ ಎತ್ತರದ ಮೇಲೆ ವಲಯಗಳಾಗಿ ವಿಂಗಡಿಸ್ತಾರೆ. ಶಾಂತ ನೀರಿನ ವಲಯಕ್ಕೆ ಪಾಸಾದ ದೋಣಿ ಒರಟು ನೀರಿನ ವಲಯಕ್ಕೂ ಪಾಸಾಯಿತು ಅಂತಲ್ಲ. ಮೂರು, ಸಾವು, ಗಾಯ, ಆಸ್ತಿ ನಷ್ಟ, ಆಕಸ್ಮಿಕ ಮಾಲಿನ್ಯ ಇವುಗಳ ಹೊಣೆಗೆ ವಿಮೆ ಇರಲೇಬೇಕು. ನಾಲ್ಕು, ಹುಟ್ಟು ಹಾಕಿ ನಡೆಸುವ, ಎಂಜಿನ್ ಇಲ್ಲದ ದೋಣಿಗಳಿಗೆ ಬೇರೆಯೇ ಅಧ್ಯಾಯ ಇದೆ. ಅವುಗಳನ್ನು ಪಟ್ಟಿ ಮಾಡುವ, ನಿಗಾ ಇಡುವ ಅಧಿಕಾರವನ್ನು ರಾಜ್ಯ ಸರ್ಕಾರ ಸ್ಥಳೀಯ ಸಂಸ್ಥೆಗಳಿಗೆ ಕೊಡಬಹುದು. ಅಂದರೆ ಹರಿಗೋಲಿನ ವಿಷಯದಲ್ಲಿ ಪಂಚಾಯ್ತಿಗೂ ಒಂದು ಪಾತ್ರ ಇರಬಹುದು.

ಕರ್ನಾಟಕದಲ್ಲಿ ಈ ವಿಷಯ ನೋಡೋದು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ. ಶರಾವತಿ ಹಿನ್ನೀರಿನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸಿಗಂದೂರಿಗೆ ಹೋಗೋರನ್ನು, ಬಸ್ಸು ಕಾರುಗಳ ಸಮೇತ, ದಾಟಿಸ್ತಿದ್ದ ಲಾಂಚ್ ಇದೇ ಇಲಾಖೆಯದು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ತೆರೆಯೋವರೆಗೂ ಆ ಕಡೆಯ ಜನರಿಗೆ ಅದೇ ರಸ್ತೆ. ಹಿನ್ನೀರಿನ ಸಾರಿಗೆ ಅಂದರೆ ಪ್ರವಾಸಿಗರ ಮೋಜು ಮಾತ್ರ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಸರ್ವೇ ಮಾಡೋರು ಏನು ನೋಡ್ತಾರೆ

ಹೊಸ ದೋಣಿಯ ಸರ್ವೇ ಸುಲಭ. ನಕ್ಷೆ ಇರುತ್ತೆ, ವಸ್ತುವಿನ ಬಲ ಗೊತ್ತಿರುತ್ತೆ. ಹಳೇ ದೋಣಿಯದೇ ಕಷ್ಟ. ಬಣ್ಣ ಹೊಡೆದ ಮೇಲೆ ಹತ್ತು ವರ್ಷದ ತಳವೂ ಮೂವತ್ತು ವರ್ಷದ ತಳವೂ ಒಂದೇ ಥರ ಕಾಣುತ್ತೆ. ಅದಕ್ಕೇ ದೋಣಿಯನ್ನು ನೀರಿನಿಂದ ಹೊರಗೆ ಎಳೆದು, ಪಾಚಿ ಕೆರೆದು, ತಳ ನೋಡಬೇಕು. ನೀರಲ್ಲಿ ತೇಲ್ತಿರುವಾಗ ಮೇಲಿಂದ ನೋಡಿ ಸಹಿ ಹಾಕಿದರೆ ಅದು ಸರ್ವೇ ಅಲ್ಲ.

ಕಬ್ಬಿಣದ ತಳಕ್ಕೆ ಶತ್ರು ತುಕ್ಕು. ಅಲ್ಟ್ರಾಸಾನಿಕ್ ಗೇಜ್ ಇಟ್ಟು ತಗಡಿನ ದಪ್ಪ ಅಳೀತಾರೆ. ಶಬ್ದದ ಅಲೆ ಒಳಗೆ ಹೋಗಿ ಆ ಬದಿಗೆ ಬಡಿದು ವಾಪಸ್ ಬರೋ ಸಮಯದಿಂದ ದಪ್ಪ ಸಿಗುತ್ತೆ. 6 ಮಿ.ಮೀ. ಇದ್ದ ತಗಡು 25 ವರ್ಷದ ನಂತರ 4.4 ಮಿ.ಮೀ. ಬಂತು ಅಂತಿಟ್ಟುಕೊಳ್ಳಿ. ವರ್ಷಕ್ಕೆ 0.064 ಮಿ.ಮೀ. ನಷ್ಟ. 4 ಮಿ.ಮೀ. ಕನಿಷ್ಠ ಅಂತ ಇಟ್ಟುಕೊಂಡರೆ ಇನ್ನು ಆರು ವರ್ಷ ಬಾಳುತ್ತೆ ಅನ್ನಿಸುತ್ತೆ. ಆದರೆ ತುಕ್ಕು ಸಮನಾಗಿ ತಿನ್ನಲ್ಲ. ಒಂದೊಂದು ಕಡೆ ಗುಳಿ ಬೀಳುತ್ತೆ. ಸರಾಸರಿ 4.4 ಇದ್ದರೂ ಒಂದು ಗುಳಿಯಲ್ಲಿ 1.5 ಇರಬಹುದು. ದೋಣಿ ಮುಳುಗೋದು ಸರಾಸರಿಯಿಂದ ಅಲ್ಲ, ಆ ಒಂದು ಗುಳಿಯಿಂದ. ಅದಕ್ಕೇ ಹತ್ತಾರು ಜಾಗದಲ್ಲಿ, ಮುಖ್ಯವಾಗಿ ನೀರಿನ ಗೆರೆಯ ಹತ್ತಿರ, ಎಂಜಿನ್ನಿನ ಕೆಳಗೆ, ಒಳಗೆ ನೀರು ನಿಲ್ಲೋ ಮೂಲೆಗಳಲ್ಲಿ ಅಳತೆ ತೆಗೀಬೇಕು.

ಫೈಬರ್ ದೋಣಿಗೆ ತುಕ್ಕಿಲ್ಲ, ಆದರೆ ನೀರು ಪದರಗಳ ಒಳಗೆ ಇಳಿದು ಗುಳ್ಳೆ ಏಳಿಸುತ್ತೆ, ಪದರಗಳು ಬಿಟ್ಟುಕೊಳ್ಳುತ್ತವೆ. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಜಾಗದಲ್ಲಿ ಖಣ್ ಅನ್ನುತ್ತೆ, ಬಿಟ್ಟುಕೊಂಡ ಜಾಗದಲ್ಲಿ ದಬ್ ಅನ್ನುತ್ತೆ. ಮಡಕೆ ಕೊಳ್ಳುವಾಗ ಅಜ್ಜಿ ಮಾಡೋ ಪರೀಕ್ಷೆಯೇ. ಮರದ ದೋಣಿಯಾದರೆ ಹಲಗೆಗಳ ಸಂದು, ಮೊಳೆಗಳ ಸುತ್ತ ಕೊಳೆತಿರೋದು ನೋಡ್ತಾರೆ. ಹರಿಗೋಲಾದರೆ ಬಿದಿರಿನ ಹೆಣಿಗೆ. ಹಿಂದೆ ಅದಕ್ಕೆ ಚರ್ಮ ಹೊದಿಸ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಹಾಳೆ ಹರಿಯೋಕೆ ಒಂದು ಕಲ್ಲಿನ ಚೂಪು ಸಾಕು.

ಇದರ ಜೊತೆಗೆ ಎಂಜಿನ್, ಇಂಧನದ ಪೈಪು, ಬ್ಯಾಟರಿ ವೈರಿಂಗ್, ನೀರು ಎತ್ತುವ ಪಂಪು, ಬೆಂಕಿ ಆರಿಸೋ ಸಿಲಿಂಡರ್, ಲೈಫ್ ಜಾಕೆಟ್ಟಿನ ಲೆಕ್ಕ. ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾಗಿ, ಸ್ಥಿರತೆ.

ಒಂಬತ್ತನೆಯವನು ಹತ್ತಿದಾಗ

ತೇಲೋದು ಬೇರೆ, ನೆಟ್ಟಗೆ ನಿಲ್ಲೋದು ಬೇರೆ. ತೇಲೋಕೆ ಆರ್ಕಿಮಿಡೀಸ್ ಸಾಕು. ನೆಟ್ಟಗೆ ನಿಲ್ಲೋಕೆ ಮೆಟಾಸೆಂಟರ್ ಗುರುತ್ವ ಕೇಂದ್ರಕ್ಕಿಂತ ಮೇಲಿರಬೇಕು. ಆ ಅಂತರಕ್ಕೆ ಮೆಟಾಸೆಂಟ್ರಿಕ್ ಎತ್ತರ ಅಂತೀವಿ. ಅದು ಧನವಾಗಿದ್ದರೆ ವಾಲಿದ ದೋಣಿ ವಾಪಸ್ ಬರುತ್ತೆ, ಋಣವಾದರೆ ಬರಲ್ಲ.

ಒಂದು ಲೆಕ್ಕ ಮಾಡೋಣ. ಇದು ಕಲ್ಪನೆಯ ದೋಣಿ. ಪೆಟ್ಟಿಗೆ ಆಕಾರ, ಉದ್ದ 6 ಮೀ., ಅಗಲ 1.8 ಮೀ., ಅಂಚಿನ ಎತ್ತರ 0.7 ಮೀ. ದೋಣಿ, ಎಂಜಿನ್ ಸೇರಿ 1360 ಕೆ.ಜಿ. ಒಳಗೆ ಕೂತ 16 ಜನ, ತಲಾ 65 ಕೆ.ಜಿ.ಯಂತೆ 1040. ಒಟ್ಟು 2400 ಕೆ.ಜಿ. ತಳದಿಂದ ಗುರುತ್ವ ಕೇಂದ್ರ 0.70 ಮೀ. ಎತ್ತರದಲ್ಲಿದೆ ಅಂತಿರಲಿ.

ಮುಳುಗಿದ ಆಳ: 2400 ÷ (1000 × 6 × 1.8) = 0.222 ಮೀ.
ತೇಲುಬಲದ ಕೇಂದ್ರದ ಎತ್ತರ ಅದರರ್ಧ: 0.111 ಮೀ.
ಅಲ್ಲಿಂದ ಮೆಟಾಸೆಂಟರ್‌ಗೆ ದೂರ, ಅಗಲದ ವರ್ಗ ÷ (12 × ಆಳ): 3.24 ÷ 2.667 = 1.215 ಮೀ.
ಮೆಟಾಸೆಂಟರ್ ಎತ್ತರ ತಳದಿಂದ: 1.326 ಮೀ.
ಮೆಟಾಸೆಂಟ್ರಿಕ್ ಎತ್ತರ: 1.326 − 0.70 = 0.626 ಮೀ.

ಒಳ್ಳೆ ದೋಣಿ. ಐದು ಜನ ಫೋಟೋಗೆ ಅಂತ 0.6 ಮೀ. ಪಕ್ಕಕ್ಕೆ ಸರಿದರೆ ಸುಮಾರು 7.4 ಡಿಗ್ರಿ ವಾಲುತ್ತೆ, ಒಂದು ಅಂಚು 12 ಸೆಂ.ಮೀ. ಇಳಿಯುತ್ತೆ. ಅಂಚು ನೀರಿನಿಂದ 48 ಸೆಂ.ಮೀ. ಮೇಲಿರೋದರಿಂದ ಭಯವಿಲ್ಲ.

ಈಗ ಮಾಲೀಕ ಸೀಸನ್ ಜೋರಾಗಿದೆ ಅಂತ ಮೇಲೆ ಒಂದು ಅಟ್ಟ ಕಟ್ಟಿಸಿದ. 320 ಕೆ.ಜಿ., ತಳದಿಂದ 1.6 ಮೀ. ಎತ್ತರ. ಮೇಲೆ ಕೂತವರ ಗುರುತ್ವ ಕೇಂದ್ರ 2.3 ಮೀ. ಅಂತಿರಲಿ. ಅದೇ ಸೂತ್ರ, ಒಬ್ಬೊಬ್ಬರಾಗಿ ಹತ್ತಿಸೋಣ.

ಅಟ್ಟ ಖಾಲಿ ಇದ್ದಾಗ: ಮೆಟಾಸೆಂಟ್ರಿಕ್ ಎತ್ತರ 0.39 ಮೀ.
5 ಜನ ಹತ್ತಿದಾಗ: 0.13 ಮೀ.
7 ಜನ: 0.045 ಮೀ.
8 ಜನ: 0.004 ಮೀ., ಅಂದರೆ ಹೆಚ್ಚುಕಡಿಮೆ ಸೊನ್ನೆ.
9 ಜನ: −0.035 ಮೀ.

ಒಂಬತ್ತನೆಯವನು ಹತ್ತಿದ ಕ್ಷಣ ದೋಣಿಗೆ ನೆಟ್ಟಗೆ ನಿಲ್ಲೋ ಗುಣವೇ ಹೋಯಿತು. ಒಂದು ಕಡೆಗೆ ವಾಲಿಕೊಂಡೇ ನಿಲ್ಲುತ್ತೆ. ಗಾಬರಿಯಾದ ಜನ ಎಲ್ಲಾ ಒಟ್ಟಿಗೆ ಆ ಕಡೆಯಿಂದ ಈ ಕಡೆಗೆ ಬಂದರೆ ಮುಗೀತು. ಗಮನಿಸಬೇಕಾದ್ದು ಇನ್ನೊಂದಿದೆ. ಆ ಹೊತ್ತಿಗೂ ಮುಳುಗಿದ ಆಳ 0.306 ಮೀ. ಮಾತ್ರ. ಅಂಚು ನೀರಿನಿಂದ 39 ಸೆಂ.ಮೀ. ಮೇಲೇ ಇದೆ. ದಡದಲ್ಲಿ ನಿಂತು ನೋಡಿದವನಿಗೆ "ಇನ್ನೂ ನಾಲ್ಕು ಜನ ಹಿಡೀತಾರೆ" ಅನ್ನಿಸುತ್ತೆ. ಕಣ್ಣಿಗೆ ಕಾಣದ್ದನ್ನು ಲೆಕ್ಕ ತೋರಿಸುತ್ತೆ. ಸರ್ವೇ ಸರ್ಟಿಫಿಕೇಟಿನಲ್ಲಿ "ಇಷ್ಟೇ ಜನ" ಅಂತ ಬರೆಯೋದರ ಹಿಂದೆ ಇರೋದು ಈ ಲೆಕ್ಕ.

ಹಳೇ ದೋಣಿಯ ನಕ್ಷೆ ಕಳೆದುಹೋಗಿರುತ್ತೆ, ಗುರುತ್ವ ಕೇಂದ್ರ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲ್ಲ. ಆಗ ಮಾಡೋದು ವಾಲಿಸುವ ಪರೀಕ್ಷೆ. ಗೊತ್ತಿರೋ ತೂಕವನ್ನು ಗೊತ್ತಿರೋ ದೂರ ಪಕ್ಕಕ್ಕೆ ಸರಿಸಿ, ತೂಗುಗುಂಡು ಇಳಿಬಿಟ್ಟು ಕೋನ ಅಳೆಯೋದು. ಸರಿಸಿದ ತೂಕ ಗುಣಿಸು ದೂರ, ಭಾಗಿಸು ಒಟ್ಟು ತೂಕ ಮತ್ತು ಕೋನದ ಟ್ಯಾನ್‌ನ ಗುಣಲಬ್ಧ. ನಮ್ಮ ಲ್ಯಾಬಿನಲ್ಲಿ ತೊಟ್ಟಿಯೊಳಗೆ ಪುಟ್ಟ ಪೆಟ್ಟಿಗೆ ತೇಲಿಬಿಟ್ಟು ಮಾಡ್ತೀವಲ್ಲ, ಅದೇ ಪ್ರಯೋಗ.

ತುಕ್ಕು ಹಿಡಿದ ತಳಕ್ಕೆ ಮೇಲೊಂದು ತಗಡು ಬೆಸೆಯೋದು ರೂಢಿಯ ರಿಪೇರಿ. ಅದಕ್ಕೂ ಒಂದು ಬೆಲೆ ಇದೆ. ಉಕ್ಕು ನೀರಿಗಿಂತ 7.85 ಪಟ್ಟು ಭಾರ. ಸಪಾಟು ತಳಕ್ಕೆಲ್ಲ 4 ಮಿ.ಮೀ. ತಗಡು ಬೆಸೆದರೆ ದೋಣಿ ಸುಮಾರು 31 ಮಿ.ಮೀ. ಹೆಚ್ಚು ನೀರು ತೆಗೆದುಕೊಳ್ಳುತ್ತೆ. ಅದರಲ್ಲಿ 4 ಮಿ.ಮೀ. ತಗಡಿನದೇ ದಪ್ಪ, ಉಳಿದ 27 ಮಿ.ಮೀ. ಅಂಚಿನ ಎತ್ತರದಿಂದ ಕಳೆಯುತ್ತೆ. ಎರಡು ಸಲ ಇಂಥ ರಿಪೇರಿ ಆದ ದೋಣಿಯ ಹಳೇ ಸರ್ಟಿಫಿಕೇಟ್ ಹಳೇ ದೋಣಿಯದು, ಈಗಿನದಲ್ಲ. ದೊಡ್ಡ ಬದಲಾವಣೆ ಆದಾಗ ಮತ್ತೆ ಸರ್ವೇ ಮಾಡಿಸಬೇಕು ಅನ್ನೋದು ಅದಕ್ಕೇ.

ಇದು ಪುಸ್ತಕದ ಮಾತಲ್ಲ

2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. 2019ರ ಜನವರಿ 21ರಂದು ನಮ್ಮದೇ ಕಾರವಾರದಲ್ಲಿ ಕೂರ್ಮಗಡ ಜಾತ್ರೆಯಿಂದ ವಾಪಸ್ ಬರ್ತಿದ್ದ ದೋಣಿ ಮಗುಚಿ 16 ಜನ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ. ಅಲ್ಲಿ ಮೀನುಗಾರಿಕೆಯ ದೋಣಿಯನ್ನೇ ಮಾರ್ಪಡಿಸಿ ಪ್ರವಾಸಿಗರನ್ನು ಹತ್ತಿಸಿದ್ದರು, ಮಿತಿ ಮೀರಿ ತುಂಬಿಸಿದ್ದರು. 2024ರ ಜನವರಿ 18ರಂದು ವಡೋದರದ ಹರ್ಣಿ ಕೆರೆಯಲ್ಲಿ ಶಾಲೆಯಿಂದ ಪಿಕ್ನಿಕ್ ಬಂದಿದ್ದ 12 ಮಕ್ಕಳು, ಇಬ್ಬರು ಶಿಕ್ಷಕರು. ಕೆರೆ ಅಷ್ಟೇನೂ ದೊಡ್ಡದಲ್ಲ, ಬಿರುಗಾಳಿಯೂ ಇರಲಿಲ್ಲ.

ವಿಮೆ ಯಾವಾಗ ಕೈ ಹಿಡಿಯುತ್ತೆ, ಯಾವಾಗ ಬಿಡುತ್ತೆ

ವಿಮೆಯಲ್ಲಿ ಎರಡು ಬಗೆ. ಒಂದು ದೋಣಿಗೆ, ಅಂದರೆ ಮಾಲೀಕನ ಆಸ್ತಿಗೆ. ಇನ್ನೊಂದು ಹೊಣೆಗೆ, ಅಂದರೆ ಆ ದೋಣಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ. ಕಾನೂನು ಕಡ್ಡಾಯ ಮಾಡಿರೋದು ಎರಡನೆಯದನ್ನು. ನಮ್ಮಂಥ ಪ್ರಯಾಣಿಕರಿಗೆ ಬೇಕಾದ್ದೂ ಅದೇ.

ಹಳೇ ದೋಣಿಯ ವಿಷಯದಲ್ಲಿ ವಿಮಾ ಕಂಪನಿ ಯಾಕೆ ಸರ್ವೇ ವರದಿ ಕೇಳುತ್ತೆ? ವಿಮೆ ಇರೋದು ಅನಿರೀಕ್ಷಿತಕ್ಕೆ. ಸವೆದು ಹೋಗೋದು ನಿರೀಕ್ಷಿತ. ನಮ್ಮ ದೇಶದ 1963ರ ಸಾಗರ ವಿಮೆ ಕಾಯ್ದೆ ಸಮುದ್ರಯಾನಕ್ಕೆ ಸೇರಿದ್ದು, ಆದರೆ ಅದರ ಎರಡು ತತ್ವ ಎಲ್ಲ ದೋಣಿಗೂ ಪಾಠ. ಮಾಮೂಲಿ ಸವೆತಕ್ಕೆ ವಿಮೆಗಾರ ಹೊಣೆಯಲ್ಲ. ಹಡಗು ಯಾನಕ್ಕೆ ಯೋಗ್ಯವಿಲ್ಲ ಅಂತ ಗೊತ್ತಿದ್ದೂ ಮಾಲೀಕ ಕಳಿಸಿದರೆ, ಆ ದೋಷದಿಂದಾದ ನಷ್ಟಕ್ಕೂ ಹೊಣೆಯಲ್ಲ. ಆದ್ದರಿಂದ ಪಾಲಿಸಿ ಕಾಗದ ಇದ್ದ ಮಾತ್ರಕ್ಕೆ ಸಾಲದು. ಸರ್ವೇ ಅವಧಿ ಮುಗಿದಿದ್ದರೆ, ಹೇಳದೆ ಅಟ್ಟ ಕಟ್ಟಿದ್ದರೆ, 16ರ ಜಾಗದಲ್ಲಿ 30 ಜನರನ್ನು ಹತ್ತಿಸಿದ್ದರೆ, ಪರಿಹಾರ ಕೇಳೋ ಹೊತ್ತಿಗೆ ಎಲ್ಲವೂ ಪ್ರಶ್ನೆಯಾಗಿ ಎದ್ದು ನಿಲ್ಲುತ್ತವೆ. ಅಷ್ಟರಲ್ಲಿ ಯಾರದೋ ಮನೆಯ ದೀಪ ಆರಿರುತ್ತೆ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳೋಣ. ಅಪಘಾತಕ್ಕೆ ಮೊದಲು ದೋಣಿ ಯೋಗ್ಯವೇ ಅಂತ ನೋಡುವ ಸರ್ವೇಯರ್ ಸರ್ಕಾರ ನೇಮಿಸಿದವರು. ಅಪಘಾತದ ನಂತರ ನಷ್ಟ ಎಷ್ಟು ಅಂತ ಅಳೆಯುವ ಸರ್ವೇಯರ್ ವಿಮೆಯ ಕಡೆಯವರು. ಹೆಸರು ಒಂದೇ, ಕೆಲಸ ಬೇರೆ.

ಬ್ರಿಟನ್ನಿನ ನಾಲೆಗಳಲ್ಲಿ ಸುಮಾರು 7 ಅಡಿ ಅಗಲದ ಉದ್ದನೆಯ ದೋಣಿಗಳಿವೆ. ಎಷ್ಟೋ ಜನ ಅದರಲ್ಲೇ ಮನೆ ಮಾಡಿಕೊಂಡಿದ್ದಾರೆ. ಅಲ್ಲಿ ನಾಲೆಗೆ ಇಳಿಯುವ ಲೈಸೆನ್ಸ್ ಬೇಕಾದರೆ ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತಾ ಪರೀಕ್ಷೆ, ಜೊತೆಗೆ ಮೂರನೇ ವ್ಯಕ್ತಿ ವಿಮೆ. ಆ ಪರೀಕ್ಷೆ ಗ್ಯಾಸು, ವೈರಿಂಗ್, ಇಂಧನ, ಬೆಂಕಿ ಇವುಗಳ ಮೇಲೆ ಹೆಚ್ಚು ಗಮನ ಕೊಡುತ್ತೆ. ತಳದ ದಪ್ಪದ ವಿಷಯ ಕೇಳೋದು ವಿಮಾ ಕಂಪನಿಗಳು. ದೋಣಿಗೆ ಇಂತಿಷ್ಟು ವಯಸ್ಸಾಯಿತು ಅಂದರೆ ಹೊರಗೆ ಎತ್ತಿ ಸರ್ವೇ ಮಾಡಿಸಿ ವರದಿ ಕೊಡಿ, ಆಮೇಲೆ ಪೂರ್ತಿ ಪಾಲಿಸಿ ಅಂತಾರೆ. ತಳ 4 ಮಿ.ಮೀ.ಗಿಂತ ತೆಳುವಾದರೆ ಸಾಮಾನ್ಯವಾಗಿ ತಕರಾರು. ಹೀಗೆ ವಿಮೆಯೇ ಒಂದು ಬಗೆಯ ಇನ್ಸ್‌ಪೆಕ್ಟರ್ ಆಗಿ ಕೆಲಸ ಮಾಡುತ್ತೆ.

ಮಾಲೀಕನ ಕಡೆಯಿಂದ

ಹಳೇ ದೋಣಿ ಅಂದರೆ ಕೆಟ್ಟ ದೋಣಿ ಅಂತಲ್ಲ. ಚೆನ್ನಾಗಿ ನೋಡಿಕೊಂಡ ಮೂವತ್ತು ವರ್ಷದ ದೋಣಿ ಉಡಾಫೆಯ ಮೂರು ವರ್ಷದ ದೋಣಿಗಿಂತ ಮೇಲು. ಹೊಳೆ ದಂಡೆಯ ಅಂಬಿಗನಿಗೆ ನೀರಿನ ಸೆಳೆತ, ಸುಳಿ, ಬಂಡೆ ಎಲ್ಲಾ ಕರತಲಾಮಲಕ. ಅದು ಯಾವ ಸರ್ಟಿಫಿಕೇಟಿನಲ್ಲೂ ಇರಲ್ಲ. ಆದರೆ ದೋಣಿ ಹೊರಗೆ ಎಳೆಸೋ ಖರ್ಚು, ಗೇಜಿನ ಅಳತೆ, ಪ್ರೀಮಿಯಂ, ಕಚೇರಿಗೆ ಅಲೆದಾಟ ಇಷ್ಟೆಲ್ಲ ಸೀಸನ್ನಿನ ಎರಡು ಮೂರು ತಿಂಗಳ ದುಡಿಮೆಯಲ್ಲಿ ಆಗಬೇಕು. ಅದು ಆಗದೇ ಇದ್ದಾಗ ಅವನು ಕಾಗದ ಇಲ್ಲದೇ ಓಡಿಸ್ತಾನೆ. ಹಾಗಾಗಿ ಬರೀ ದಂಡ ಹಾಕಿದರೆ ಸಾಲದು. ಒಂದು ಹಿನ್ನೀರಿನ ದೋಣಿಗಳನ್ನೆಲ್ಲ ಒಂದೇ ದಿನ, ಒಂದೇ ಜಾಗದಲ್ಲಿ, ಮಳೆಗಾಲಕ್ಕೆ ಮುಂಚೆ ಸರ್ವೇ ಮಾಡಿದರೆ ಖರ್ಚು ಹಂಚಿಹೋಗುತ್ತೆ. ಗುಂಪಾಗಿ ವಿಮೆ ಕೊಂಡರೂ ಹಾಗೆಯೇ. ದಪ್ಪ ಅಳೆಯೋ ಗೇಜು, ವಾಲಿಸುವ ಪರೀಕ್ಷೆಯ ಲೆಕ್ಕ ಇವು ನಮ್ಮ ಮೆಕ್ಯಾನಿಕಲ್, ಸಿವಿಲ್ ವಿಭಾಗಗಳಿಗೆ ಹೊಸತಲ್ಲ. ಸರ್ಟಿಫಿಕೇಟ್ ಕೊಡೋ ಅಧಿಕಾರ ನಮಗಿಲ್ಲ. ಆದರೆ ನಿಮ್ಮ ದೋಣಿ ಎಷ್ಟು ಜನರನ್ನು ತಡೆಯುತ್ತೆ ನೋಡಿ ಅಂತ ಲೆಕ್ಕ ಮಾಡಿ ತೋರಿಸೋಕೆ ಯಾರ ಅಪ್ಪಣೆಯೂ ಬೇಡ. ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕ್ತಿರೋರು ಇದನ್ನು ಯೋಚಿಸಬಹುದು.

ಹತ್ತೋ ಮುಂಚೆ

1. ಎಂಜಿನ್ ದೋಣಿಯಾದರೆ ನೋಂದಣಿ ಸಂಖ್ಯೆ ಮೈಮೇಲೆ ಬರೆದಿದೆಯಾ? ಎಷ್ಟು ಜನ ಅಂತ ಇದೆಯಾ? ಸರ್ವೇ ಯಾವತ್ತಿನವರೆಗೆ? ಕೇಳಿ, ನಾಚಿಕೆ ಬೇಡ.
2. ಲೈಫ್ ಜಾಕೆಟ್ ತಲೆಗೊಂದು ಇದೆಯಾ, ಬಕಲ್ ಬೀಳುತ್ತಾ? ಸೀಟಿನ ಕೆಳಗೆ ಕಟ್ಟಿಟ್ಟ ಜಾಕೆಟ್ ಇದ್ದೂ ಇಲ್ಲದ ಹಾಗೆ.
3. ತಳದಲ್ಲಿ ನೀರು ನಿಂತಿದೆಯಾ? ನಿಂತ ನೀರು ವಾಲಿದ ಕಡೆಗೇ ಓಡುತ್ತೆ, ಸ್ಥಿರತೆಯನ್ನು ಇನ್ನಷ್ಟು ತಿನ್ನುತ್ತೆ.
4. ಆಮೇಲೆ ಸೇರಿಸಿದ ಅಟ್ಟ, ಚಾವಣಿ ಕಾಣುತ್ತಾ? ಕಂಡರೆ ಮೇಲೆ ಹತ್ತಬೇಡಿ. ಆಗದಿದ್ದರೆ ದೋಣಿಯನ್ನೇ ಬಿಡಿ.
5. ಹರಿಗೋಲಿನಲ್ಲಿ ನಡುವೆ, ಕೆಳಗೆ ಕೂರಿ. ನಿಲ್ಲಬೇಡಿ. ಸೆಲ್ಫಿಗೆ ಎಲ್ಲರೂ ಒಂದೇ ಕಡೆ ಬರಬೇಡಿ.
6. ಗೇಟು ತೆಗೆದು ಹೊಳೆ ತುಂಬಿ ಹರಿಯುವಾಗ, ಸಂಜೆ ಕತ್ತಲಾದ ಮೇಲೆ, ಗಾಳಿ ಎದ್ದಾಗ ಇಳಿಯಲೇಬೇಡಿ.

ಮಾಡಿ ನೋಡಿ: ಮೇಲಿನ ದೋಣಿಯ ಅಗಲ 1.8ರ ಬದಲು 2.2 ಮೀ. ಇದ್ದು, ಉಳಿದದ್ದೆಲ್ಲ ಹಾಗೇ ಇದ್ದರೆ, ಅಟ್ಟದ ಮೇಲೆ ಒಂಬತ್ತು ಜನ ಕೂತಾಗ ಮೆಟಾಸೆಂಟ್ರಿಕ್ ಎತ್ತರ ಎಷ್ಟು? ಧನವೋ ಋಣವೋ? ಅಗಲದ ವರ್ಗ ಯಾಕೆ ಅಷ್ಟು ಮುಖ್ಯ ಅಂತ ಗೊತ್ತಾಗುತ್ತೆ. ಉತ್ತರ ಬಂದವರು ಮುಂದಿನ ಶೆಟ್ಟಿಹಳ್ಳಿ ಟ್ರಿಪ್ಪಿನಲ್ಲಿ ಗುಂಪಿನವರಿಗೆಲ್ಲ ಒಮ್ಮೆ ವಿವರಿಸಿ. ದಡದ ಮೇಲೆ ನಿಂತಿರುವಾಗಲೇ.